ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ತಗೊಳ್ಳುವವರು ದಯವಿಟ್ಟು ಓದಿ, ನನ್ನ 16,000 ಹೋಯಿತು

ಬರೆಯೋದಕ್ಕೇ ನಾಚಿಕೆ ಆಗುತ್ತಿದೆ. ಆರು ವರ್ಷದಿಂದ ಗಣೇಶನ ಹಬ್ಬ, ರಾಜ್ಯೋತ್ಸವ ಅಂತ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುತ್ತಿದ್ದೇನೆ. ಅಂಥ ನನಗೇ ಒಬ್ಬ ಟೋಪಿ ಹಾಕಿದ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಮನುಷ್ಯ ಇನ್ನೂ ಮಾರುತ್ತಲೇ ಇದ್ದಾನೆ.

ನನ್ನ ಹತ್ತಿರ ಯಮಹಾ ಟಿಆರ್‌ಬಿಎಕ್ಸ್ 174 ಇದೆ. ಕಡಿಮೆ ಬೆಲೆಯ ಬೇಸ್‌ಗಳಲ್ಲಿ ಅದು ನನಗೆ ಒಂದು ದಿನವೂ ಕೈ ಕೊಟ್ಟಿಲ್ಲ. ಆದರೆ ಫೆಂಡರ್ ಕಂಪನಿಯ ಜಾಝ್ ಬೇಸ್‌ನ ಸೌಂಡ್ ಬೇಕಿತ್ತು. ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಪಟ್ಟಿ) ಹತ್ತಿರದ ಪಿಕಪ್, ಅಂದರೆ ತಂತಿಯ ಸದ್ದು ಹಿಡಿಯುವ ಭಾಗ, ಜಾಸ್ತಿ ಮಾಡಿದರೆ ಬೆರಳಿನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದಲ್ಲ, ಅದು. ಫೆಂಡರ್ ತಗೊಳ್ಳುವ ಶಕ್ತಿ ನನಗಿಲ್ಲ. ಅವರದ್ದೇ ಕಡಿಮೆ ಬೆಲೆಯ ಸ್ಕ್ವಾಯರ್ ಆದರೆ ಸಾಕು ಅಂತ ಹುಡುಕುತ್ತಿದ್ದೆ. ಸ್ಕ್ವಾಯರ್ ಅಫಿನಿಟಿ ಜಾಝ್ ಬೇಸ್, ಸನ್‌ಬರ್ಸ್ಟ್ ಬಣ್ಣ, 18,000 ಅಂತ ಜಾಹೀರಾತು ಕಂಡ ತಕ್ಷಣ ಫೋನ್ ಮಾಡಿದೆ.

"ಸರ್, ನಾಳಿದ್ದು ದುಬೈಗೆ ಹೋಗ್ತಿದ್ದೀನಿ, ಇವತ್ತೇ ಬನ್ನಿ. ಇನ್ನೊಬ್ಬರು ಅಡ್ವಾನ್ಸ್ ಹಾಕ್ತೀನಿ ಅಂತಿದ್ದಾರೆ."

ಓಡಿದೆ. ರಾತ್ರಿ ಒಂಬತ್ತು ಗಂಟೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್, ಮಿಣಮಿಣ ಅನ್ನುವ ಒಂದು ಟ್ಯೂಬ್‌ಲೈಟ್. ನುಡಿಸಿ ನೋಡಲು ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಎಲ್ಲಿ ಅಂದೆ. "ಪ್ಯಾಕ್ ಆಗೋಯ್ತು ಸರ್." ನೆಕ್ (ಬೆರಳಿಡುವ ಉದ್ದನೆಯ ಕೋಲು) ಮೇಲೆ ತಂತಿ ಇಷ್ಟು ಎತ್ತರ ಇದೆಯಲ್ಲ ಅಂದೆ. "ಮಳೆಗಾಲ ಸರ್, ನೆಕ್ ಸ್ವಲ್ಪ ಬಗ್ಗುತ್ತೆ, ಸೆಟಪ್ ಮಾಡಿಸಿದ್ರೆ ಸರಿಹೋಗುತ್ತೆ." ಸೀರಿಯಲ್ ನಂಬರ್? "ಉಜ್ಜಿ ಹೋಗಿದೆ ಸರ್." ಎಲ್ಲದಕ್ಕೂ ಉತ್ತರ ರೆಡಿ ಇತ್ತು. ಎಲ್ಲದಕ್ಕೂ ನಾನು ತಲೆ ಆಡಿಸಿದೆ. ಎರಡು ಸಾವಿರ ಇಳಿಸಿದ, ಅದಕ್ಕೇ ಖುಷಿಯಾಗಿ ಅಲ್ಲೇ ನಿಂತು ಯುಪಿಐ ಮಾಡಿದೆ.

ಬೆಳಗ್ಗೆ ಎರಡೂ ಬೇಸ್‌ಗಳನ್ನು ಮಂಚದ ಮೇಲೆ ಅಕ್ಕಪಕ್ಕ ಮಲಗಿಸಿದೆ. ಜಾಝ್ ಬೇಸ್‌ನ ನೆಕ್ ಮೇಲ್ಗಡೆ ಸಣ್ಣಗಿರಬೇಕು, ನುಡಿಸುವವರಿಗೆ ಗೊತ್ತಲ್ವಾ. ನಟ್ ಹತ್ತಿರ, ಅಂದರೆ ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯ ಹತ್ತಿರ, ಅಗಲ 38 ಮಿಲಿಮೀಟರ್. ನನ್ನ ಯಮಹಾ 40. ಅಂದರೆ ಹೊಸದಾಗಿ ತಂದದ್ದು ಯಮಹಾಗಿಂತ ಸಣ್ಣಗಿರಬೇಕಿತ್ತು. ಇದು ಅಗಲ ಕಾಣಿಸಿತು. ಮಗಳ ಸ್ಕೇಲ್ ತಂದು ಅಳೆದೆ, 42. ಇನ್ನೊಮ್ಮೆ ಅಳೆದೆ. 42. ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಆಮೇಲೆ ಗಿಟಾರಿನ ತಲೆಯ ಕಡೆ ನೋಡಿದೆ. ಸ್ಕ್ವಾಯರ್ ಅಂತ ಬರೆದಿತ್ತಲ್ಲ, ಅದರ ಮೊದಲ ಅಕ್ಷರದ ಅಂಚು ಕೂದಲೆಳೆಯಷ್ಟು ಎದ್ದಿತ್ತು. ಉಗುರು ಹಾಕಿದೆ. ನೋಟ್‌ಬುಕ್ಕಿನ ಲೇಬಲ್ ಥರ ಪೂರ್ತಿ ಹೆಸರು ಸುರುಳಿ ಸುತ್ತಿಕೊಂಡು ಕೈಗೆ ಬಂತು. ಕೆಳಗೆ ಬೇರೆ ಯಾವುದೋ ಹೆಸರನ್ನು ಮರಳು ಕಾಗದದಲ್ಲಿ ತಿಕ್ಕಿದ ಗುರುತು. ಆ ಸ್ಟಿಕರ್ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹೆಂಡತಿ ಏನಾಯ್ತು ಅಂದಳು, ಹೇಳಲು ಬಾಯಿ ಬರಲಿಲ್ಲ.

ರಿಪೇರಿಯವರ ಹತ್ತಿರ ಒಯ್ದರೆ ಇನ್ನೊಂದು ಏಟು. ನೆಕ್ ಒಳಗೆ ಅದರ ಬಾಗು ಸರಿಮಾಡುವ ಸರಳು, ಟ್ರಸ್ ರಾಡ್, ಇರುತ್ತದೆ; ಅದಕ್ಕೆ ಆಲನ್ ಕೀ ಹಾಕಿದರೆ ಸುಮ್ನೆ ಸುತ್ತುತ್ತದೆ, ಹಿಡಿತವೇ ಇಲ್ಲ. 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಗೆರೆ) ಹತ್ತಿರ ತಂತಿ ನಾಲ್ಕು ಮಿಲಿಮೀಟರ್ ಮೇಲಿದೆ, ಎರಡು ಎರಡೂವರೆ ಇದ್ದರೆ ಸಾಕು. "ಇದನ್ನ ಸೆಟಪ್ ಮಾಡೋಕಾಗಲ್ಲ ಸರ್, ನೆಕ್ಕೇ ಬದಲಾಯಿಸಬೇಕು" ಅಂದರು.

ಅವನಿಗೆ ಸ್ಟಿಕರ್ ಫೋಟೋ ಕಳಿಸಿದೆ. ನಿನ್ನೆವರೆಗೆ ಮಾತಿಗೊಂದು ಸರ್ ಅನ್ನುತ್ತಿದ್ದವನ ಉತ್ತರ ನೋಡಿ: "ನೋಡಪ್ಪ, ನೀನೇ ಕೈಯಲ್ಲಿ ಹಿಡಿದು ನೋಡಿ ತಗೊಂಡೆ." ದುಡ್ಡು ವಾಪಸ್ ಕೊಡು ಅಂದೆ. "ಸ್ಟಿಕರ್ ಕಿತ್ತಿದ್ದು ನೀನು, ಈಗ ವಾಪಸ್ ಹೇಗೆ ತಗೊಳ್ಳಲಿ?" ಅಂತೆ! ನಾನು ಕಿತ್ತೆನಂತೆ! ಕೊನೆಗೆ, "ಆರ್ಕೆಸ್ಟ್ರಾದವನು ಅಂತೀಯ, ಇಷ್ಟೂ ಗೊತ್ತಾಗಲ್ವಾ?" ಅಂದು ಬ್ಲಾಕ್ ಮಾಡಿದ. 16,000 ಹೋದದ್ದಕ್ಕಿಂತ ಆ ಮಾತು ಜಾಸ್ತಿ ಉರಿಯುತ್ತಿದೆ.

ಆಂಪ್‌ಗೆ ಹಾಕದೆ ತಗೊಳ್ಳಬೇಡಿ. ಹಗಲಲ್ಲೇ ಹೋಗಿ. ಟ್ರಸ್ ರಾಡ್ ಅನ್ನು ಮಾರುವವರ ಕೈಯಲ್ಲೇ ಕಾಲು ಸುತ್ತು ತಿರುಗಿಸಿ ತೋರಿಸಲು ಹೇಳಿ, ಬೇಡ ಅಂದರೆ ಎದ್ದು ಬನ್ನಿ. ಸ್ಕೇಲ್ ಒಯ್ಯಿರಿ.

ನಿನ್ನೆ ತಮ್ಮನ ಫೋನಿನಲ್ಲಿ ನೋಡಿದೆ. ಹೊಸ ಜಾಹೀರಾತು, ಈ ಸಲ ಕಪ್ಪು ಬಣ್ಣದ ಬೇಸ್, 17,000. ಅದನ್ನು ಒರಗಿಸಿರೋದು ಹಳದಿ ಕಪ್ಪು ಪಟ್ಟೆಯ ಅದೇ ಪಾರ್ಕಿಂಗ್ ಕಂಬಕ್ಕೆ. ಕೆಳಗೆ ಬರೆದಿದ್ದಾನೆ: ನಾಳಿದ್ದು ದುಬೈಗೆ ಹೋಗುತ್ತಿದ್ದೇನೆ, ಅರ್ಜೆಂಟ್.