ಕೆಂಪು ವರ್ಟಸ್‌ನ ಫೋಟೊ: ಸ್ಪ್ರಿಂಗ್ ಇಳಿಸುವುದಾ, ಹಿಂದೆ ಹೋಗಿ ನಿಲ್ಲುವುದಾ?

ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಕೆಂಪು ಬಣ್ಣ. 1.5 ಲೀಟರ್ ಟರ್ಬೊ ಪೆಟ್ರೋಲ್, 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್ ಅಂದರೆ ಎಳೆಯುವ ಬಲ. ಓಡಿಸುವಾಗ ಒಂದು ದೂರೂ ಇಲ್ಲ. ಬೇಜಾರು ಇದ್ದದ್ದು ನೋಟದ್ದು. ನಮ್ಮ ರಸ್ತೆಗೆ ಅಂತ ಕಂಪನಿಯವರು 179 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಎತ್ತರ) ಕೊಟ್ಟಿದ್ದಾರೆ, ಸೆಡಾನ್‌ಗೆ ಅದು ಜಾಸ್ತಿಯೇ. ಪಕ್ಕದಿಂದ ಫೋಟೊ ತೆಗೆದರೆ ಟೈರಿಗೂ ಅದರ ಮೇಲಿನ ತಗಡು ಅಂದರೆ ಫೆಂಡರಿಗೂ ನಡುವೆ ಕೈ ತೂರಿಸುವಷ್ಟು ಸಂದು. ಪಂಚೆ ಎತ್ತಿ ಕಟ್ಟಿಕೊಂಡು ಗದ್ದೆಗೆ ಇಳಿದವರ ಹಾಗೆ ಕಾಣುತ್ತಿತ್ತು.

ಆ ಸಂದು ಮುಚ್ಚಲು ಎರಡು ದಾರಿ ಮಾಡಿ ನೋಡಿದ್ದೇನೆ. ಮೊದಲು ಕಾರು ಬದಲಿಸಿದೆ, ಆಮೇಲೆ ಫೋಟೊ ತೆಗೆಯುವ ರೀತಿ ಬದಲಿಸಿದೆ. ಎರಡಕ್ಕೂ ದುಡ್ಡು ಹೋಗಿದೆ. ಫೋಟೊ ತೆಗೆದ ಜಾಗ ಒಂದೇ: ಮೈಸೂರಿನಿಂದ ಟಿ. ನರಸೀಪುರದ ಕಡೆ ಹೋಗುವಾಗ ಸಿಗುವ ವರುಣಾ ಕೆರೆಯ ಹತ್ತಿರ.

ಮೊದಲು ಸ್ಪ್ರಿಂಗ್ ವಿಷಯ. ಕಾರನ್ನು 35 ಮಿಲಿಮೀಟರ್ ಇಳಿಸುವ ಸ್ಪ್ರಿಂಗ್ ಹಾಕಿಸಿದೆ, ಜೊತೆಗೆ 17 ಇಂಚಿನ ಅಲಾಯ್ ಚಕ್ರ. ಕಂಪನಿಯ ಟೈರು 205/55 ಆರ್16, ನಾನು ಹಾಕಿಸಿದ್ದು 205/50 ಆರ್17. ಇವೆರಡರ ಒಟ್ಟು ಎತ್ತರದಲ್ಲಿ ಶೇ 1ರಷ್ಟೂ ವ್ಯತ್ಯಾಸ ಇಲ್ಲ, ಹಾಗಾಗಿ ಸ್ಪೀಡೊಮೀಟರ್ ಏನೂ ಗೋಳು ಮಾಡಲಿಲ್ಲ. ಗ್ಯಾರೇಜಿನಿಂದ ಹೊರಗೆ ತಂದ ದಿನ ಅದೇನು ಖುಷಿ ಅಂತೀರಿ! ರಿಂಗ್ ರೋಡಿನ ತಿರುವುಗಳಲ್ಲಿ ಕಾರು ವಾಲುವುದೇ ಇಲ್ಲ, ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ. ಫೋಟೊದಲ್ಲೂ ಅಷ್ಟೇ, ಎಲ್ಲಿಂದ ತೆಗೆದರೂ ಚೆಂದ.

ಆದರೆ ಕಾರು ಕೆರೆ ದಂಡೆಯಲ್ಲಿ ನಿಂತಿರುವುದು ವಾರಕ್ಕೆ ಒಂದು ಗಂಟೆ. ಉಳಿದ ಹೊತ್ತು ಹಂಪ್ ಹತ್ತಬೇಕಲ್ವಾ? ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮ ಬೀದಿಯದು ಒನಕೆಯನ್ನು ಅಡ್ಡ ಮಲಗಿಸಿದ ಹಾಗಿದೆ. ನಾನೊಬ್ಬನೇ ಇದ್ದರೆ ಹೇಗೋ ದಾಟುತ್ತದೆ. ಅಪ್ಪ ಅಮ್ಮ ಹಿಂದೆ ಕೂತು ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ಇದ್ದರೆ ಹೊಟ್ಟೆ ಉಜ್ಜುವುದು ಗ್ಯಾರಂಟಿ. ಸಣ್ಣ ಗುಂಡಿಗೂ ಸೊಂಟಕ್ಕೆ ಏಟು, ಯಾಕೆಂದರೆ ಸ್ಪ್ರಿಂಗ್ ಮಾತ್ರ ಬದಲಾಗಿದೆ, ಶಾಕ್ ಅಬ್ಸಾರ್ಬರ್ ಹಳೆಯದೇ, ಅದಕ್ಕೆ ಮೇಲೆ ಕೆಳಗೆ ಆಡಲು ಮೊದಲಿನಷ್ಟು ಜಾಗವೇ ಉಳಿದಿರುವುದಿಲ್ಲ. ಎಂಟು ತಿಂಗಳಲ್ಲಿ ಮುಂದಿನ ಬಂಪರಿನ ಕೆಳಗಿನ ಬಣ್ಣ ಪೂರ್ತಿ ಹೋಯಿತು. ಕಾನೂನಿನ ಹೆದರಿಕೆ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಎದುರಿಗೆ ಬ್ಯಾರಿಕೇಡ್ ಕಂಡಾಗೆಲ್ಲ ಎದೆ ಢವಢವ.

ಈಗ ಎರಡನೇ ದಾರಿ. ಇಷ್ಟು ದಿನ ಫೋಟೊ ತೆಗೆಯುತ್ತಿದ್ದುದು ಫೋನಿನಲ್ಲಿ. ಫೋನಿನ ಮುಖ್ಯ ಲೆನ್ಸ್ ಅಗಲದ್ದು, ಕಾರು ಪೂರ್ತಿ ಬರಲು ಆರೇಳು ಹೆಜ್ಜೆ ದೂರ ನಿಂತರೆ ಸಾಕು. ಅಷ್ಟು ಹತ್ತಿರದಿಂದ ತೆಗೆದರೆ ಹತ್ತಿರದ ಚಕ್ರ, ಬಂಪರ್ ಊದಿಕೊಳ್ಳುತ್ತವೆ, ಹಿಂಭಾಗ ಕುಗ್ಗುತ್ತದೆ, ಆ ಹಾಳು ಸಂದೂ ದೊಡ್ಡದಾಗುತ್ತದೆ! ಅದರ ಮೇಲೆ ಕೆಂಪು ಬಣ್ಣವನ್ನು ಫೋನು ಎಷ್ಟು ಉಬ್ಬಿಸುತ್ತದೆ ಅಂದರೆ ಬಾಗಿಲಿನ ಗೆರೆಗಳೆಲ್ಲ ಅಳಿಸಿಹೋಗಿ ಕಾರು ಟೊಮೆಟೊ ಆಗುತ್ತದೆ.

ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ ಕ್ಯಾಮೆರಾ ಮತ್ತು 50 ಎಂಎಂ ಲೆನ್ಸ್ ತಗೊಂಡೆ, ಇದರ ನೋಟ ಫೋನಿನದಕ್ಕಿಂತ ಕಿರಿದು. ಇದರಲ್ಲಿ ಇಡೀ ಕಾರು ಬರಬೇಕಾದರೆ ಹದಿನೆಂಟು ಇಪ್ಪತ್ತು ಹೆಜ್ಜೆ ಹಿಂದೆ ಹೋಗಬೇಕು. ಹೋದೆ. ಕಾರಿನ ಆಕಾರ ಕಣ್ಣಿಗೆ ಕಾಣುವ ಹಾಗೇ ಬಂತು. ಎಲ್ಲರೂ ಹೆಡ್‌ಲೈಟ್ ಎತ್ತರಕ್ಕೆ ಕೂತು ತೆಗೀರಿ ಅಂತಾರೆ. ಇಳಿಸಿದ ಕಾರಿಗೆ ಅದು ಸರಿ. ಎತ್ತರದ ಕಾರಿಗೆ ಅಷ್ಟು ಕೆಳಗೆ ಕೂತರೆ ಸಂದಿನ ಒಳಗೇ ಇಣುಕಿದ ಹಾಗೆ ಆಗುತ್ತದೆ. ಸ್ವಲ್ಪ ಎದ್ದು, ಬಾನೆಟ್‌ಗಿಂತ ಒಂದು ಗೇಣು ಮೇಲೆ ಕ್ಯಾಮೆರಾ ಹಿಡಿದರೆ ಫೆಂಡರಿನ ಅಂಚೇ ಸಂದನ್ನು ಅರ್ಧ ಮುಚ್ಚುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ಮೂರು ಭಾನುವಾರ ಮಂಡಿ ಸವೆಸಿ ಕಲಿತದ್ದು. ಸ್ಟೀರಿಂಗ್ ತಿರುಗಿಸಿ ಚಕ್ರದ ಮುಖ ಕ್ಯಾಮೆರಾ ಕಡೆ ಇಡಿ, ಟೈರಿನ ಪಟ್ಟಿ ಕಾಣಬಾರದು.

ದುಡ್ಡಿಗೆ ತಕ್ಕ ವಸ್ತು ಅಂದರೆ ಪೋಲರೈಸರ್ ಫಿಲ್ಟರ್. ಅದನ್ನು ಲೆನ್ಸ್ ಮುಂದೆ ಮೆಲ್ಲಗೆ ತಿರುಗಿಸುತ್ತಾ ಹೋದರೆ ಬಾಗಿಲಿನ ಮೇಲೆ ಬಿದ್ದಿದ್ದ ಆಕಾಶ, ತೆಂಗಿನ ಮರ ಎಲ್ಲ ಮಾಯವಾಗಿ ಕೆಳಗಿನ ನಿಜವಾದ ಕೆಂಪು ಮೇಲೆ ಬರುತ್ತದೆ. ಪೂರ್ತಿ ತೆಗೆಯಬೇಡಿ, ಹೊಳಪೇ ಇಲ್ಲದ ಕಾರು ಸತ್ತ ಹಾಗೆ ಕಾಣುತ್ತದೆ. ಹಿಂದಿನ ಗಾಜಿನಲ್ಲಿ ಚೌಕ ಚೌಕ ಕಲೆ ಕಂಡರೆ ಗಾಬರಿ ಬೇಡ. ಅದು ಟೆಂಪರ್ಡ್ ಗಾಜು, ಕಾಯಿಸಿ ತಣಿಸುವಾಗ ಉಳಿದ ಒತ್ತಡದ ಗುರುತು. ಮುಂದಿನದು ಲ್ಯಾಮಿನೇಟೆಡ್ ಗಾಜು, ಅದರಲ್ಲಿ ಆ ಕಲೆ ಕಾಣಲಿಲ್ಲ. ಕ್ಯಾಮೆರಾ ಇಲ್ಲದವರು ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಫೋನಿನ ಮುಂದೆ ಹಿಡಿದು ತಿರುಗಿಸಿ ನೋಡಿ, ಸುಮ್ನೆ ಹೇಳ್ತಿಲ್ಲ, ಕೆಲಸ ಮಾಡುತ್ತದೆ.

ಬೆಳಕಿನ ವಿಷಯದಲ್ಲಿ ಎರಡಕ್ಕೂ ಒಂದೇ ಮಾತು, ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ. ನಮ್ಮ ಕಡೆ ಕತ್ತಲು ಬೇಗ ಕವಿಯುತ್ತದೆ, ಹಾಗಾಗಿ ಕಾರನ್ನು ಮೊದಲೇ ಒರೆಸಿ ನಿಲ್ಲಿಸಿಕೊಂಡಿರಬೇಕು. ಆ ಹೊತ್ತಿನಲ್ಲಿ ಟೈರಿನ ಕಪ್ಪು, ಸಂದಿನ ಕಪ್ಪು ಎರಡೂ ಸೇರಿಹೋಗುತ್ತವೆ.

ಫೋಟೊ ಒಂದೇ ಲೆಕ್ಕ ಅಂದರೆ ನನ್ನ ಓಟು ಲೆನ್ಸ್ ಮತ್ತು ಫಿಲ್ಟರಿಗೆ. ತಿರುವಿನಲ್ಲಿ ಓಡಿಸುವ ಸುಖ ಬೇಕು, ಮನೆ ಹತ್ತಿರ ಹಂಪ್ ಇಲ್ಲ, ಅಪ್ಪ ಅಮ್ಮನಿಗೆ ಬೇರೆ ಕಾರಿದೆ ಅನ್ನುವವರಿಗೆ ಸ್ಪ್ರಿಂಗ್ ಯಾಕೆ ಬೇಕು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಆ ಹಿಡಿತ ನನಗೂ ಈಗ ನೆನಪಾಗುತ್ತದೆ. ನಾನಂತೂ ಹಳೆಯ ಸ್ಪ್ರಿಂಗ್ ವಾಪಸ್ ಹಾಕಿಸಿದೆ. ಅಲಾಯ್ ಮಾತ್ರ ಬಿಟ್ಟುಕೊಟ್ಟಿಲ್ಲ.

ಹೋದ ವಾರ ಕೆರೆ ದಂಡೆಯ ಒಂದು ಫೋಟೊ ಸ್ಟೇಟಸ್‌ಗೆ ಹಾಕಿದ್ದೆ. ಭಾವ ಫೋನ್ ಮಾಡಿ, ‘ಮತ್ತೆ ಇಳಿಸಿದ್ಯೇನೋ?’ ಅಂತ ಬೈದರು. ಇಲ್ಲ ಭಾವ, ಆ ಸ್ಪ್ರಿಂಗ್ ಅಟ್ಟದ ಮೇಲೆ ಗೋಣಿಚೀಲದಲ್ಲಿದೆ ಅಂದರೂ ನಂಬಲಿಲ್ಲ, ಕೊನೆಗೆ ಚೀಲದ ಫೋಟೊ ತೆಗೆದು ಕಳಿಸಿದೆ.