ಎಲ್‌ಇಡಿ, ಸಿಎಫ್‌ಎಲ್, ಹ್ಯಾಲೋಜನ್: ಮನೆಯ ಯಾವ ಜಾಗಕ್ಕೆ ಯಾವ ಬಲ್ಬ್?

ಬಲ್ಬ್‌ಗಳನ್ನು ಹೋಲಿಸುವಾಗ ವ್ಯಾಟ್ ನೋಡಬೇಡಿ, ಲ್ಯೂಮೆನ್ ನೋಡಿ. ವ್ಯಾಟ್ ಹೇಳುವುದು ಬಲ್ಬ್ ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದನ್ನು, ಲ್ಯೂಮೆನ್ ಹೇಳುವುದು ಎಷ್ಟು ಬೆಳಕು ಕೊಡುತ್ತದೆ ಎಂಬುದನ್ನು. ಹಳೆಯ 60 ವ್ಯಾಟ್ ತಂತು ಬಲ್ಬ್ ಕೊಡುತ್ತಿದ್ದದ್ದು ಹೆಚ್ಚುಕಡಿಮೆ 700ರಿಂದ 800 ಲ್ಯೂಮೆನ್. ಅಷ್ಟೇ ಬೆಳಕಿಗೆ ಹ್ಯಾಲೋಜನ್‌ಗೆ ಸುಮಾರು 42 ವ್ಯಾಟ್ ಬೇಕು, ಸಿಎಫ್‌ಎಲ್‌ಗೆ 14, ಎಲ್‌ಇಡಿಗೆ 9. ದಿನಕ್ಕೆ 5 ಗಂಟೆ ಉರಿಸಿದರೆ ವರ್ಷಕ್ಕೆ ತಂತು ಬಲ್ಬ್ 110 ಯೂನಿಟ್ ತಿನ್ನುತ್ತದೆ, ಹ್ಯಾಲೋಜನ್ 77, ಸಿಎಫ್‌ಎಲ್ 26, ಎಲ್‌ಇಡಿ 16.

ದೊಡ್ಡ ಉಳಿತಾಯ ಇರುವುದು ತಂತು ಬಲ್ಬ್ ಅಥವಾ ಹ್ಯಾಲೋಜನ್ ತೆಗೆಯುವುದರಲ್ಲಿ. ಸಿಎಫ್‌ಎಲ್‌ನಿಂದ ಎಲ್‌ಇಡಿಗೆ ಹೋದರೆ ಸಿಗುವುದು ವರ್ಷಕ್ಕೆ ಹತ್ತು ಯೂನಿಟ್ ಅಷ್ಟೇ. ಹಾಗಾಗಿ ಚೆನ್ನಾಗಿ ಉರಿಯುತ್ತಿರುವ ಸಿಎಫ್‌ಎಲ್ ಅನ್ನು ಬಿಲ್ಲಿನ ಲೆಕ್ಕಕ್ಕೆ ಕಿತ್ತೆಸೆಯಬೇಕಾಗಿಲ್ಲ. ಅದನ್ನು ಬದಲಿಸಲು ಬೇರೆ ಕಾರಣಗಳಿವೆ.

ಮೊದಲನೆಯದು, ಸ್ವಿಚ್ ಹಾಕಿದ ಕೂಡಲೇ ಸಿಎಫ್‌ಎಲ್ ಪೂರ್ತಿ ಬೆಳಗುವುದಿಲ್ಲ. ಒಳಗಿನ ಪಾದರಸ ಆವಿಯಾಗಿ ಹದಕ್ಕೆ ಬರಲು ಅರ್ಧ ನಿಮಿಷದಿಂದ ಎರಡು ನಿಮಿಷ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಎರಡನೆಯದು, ಪ್ರತಿ ಸಲ ಹೊತ್ತಿಸುವಾಗಲೂ ಕೊಳವೆಯ ತುದಿಯ ಎಲೆಕ್ಟ್ರೋಡ್ ಲೇಪನ ಒಂದಿಷ್ಟು ಸವೆಯುತ್ತದೆ. ಬಚ್ಚಲುಮನೆ, ಮೆಟ್ಟಿಲು, ಉಗ್ರಾಣದಂಥ ಕಡೆ ಅದು ಬೇಗ ಸಾಯುವುದು ಇದರಿಂದಲೇ. ಕೊಳವೆಯ ಬುಡ ಕಪ್ಪಾಗಿದ್ದರೆ ಆಯಸ್ಸು ಮುಗಿಯುತ್ತಾ ಬಂತು ಎಂದೇ ಅರ್ಥ. ಗಂಟೆಗಟ್ಟಲೆ ಒಂದೇ ಸಮನೆ ಉರಿಯುವ ಜಾಗದಲ್ಲಿ ಮಾತ್ರ ಅದು ಡಬ್ಬಿಯ ಮೇಲೆ ಬರೆದಷ್ಟು ಕಾಲ ಬಾಳುತ್ತದೆ.

ಪಾದರಸದ ಪ್ರಮಾಣ ಕೆಲವೇ ಮಿಲಿಗ್ರಾಂ. ಆದರೂ ಒಡೆದರೆ ಎಚ್ಚರ ಬೇಕು. ಕಿಟಕಿ ತೆರೆದು, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕರೆದುಕೊಂಡು 10ರಿಂದ 15 ನಿಮಿಷ ಹೊರಗಿರಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಎರಡೂ ಪಾದರಸವನ್ನು ಹರಡುತ್ತವೆ. ದಪ್ಪ ಕಾಗದದಲ್ಲಿ ಚೂರುಗಳನ್ನು ಎತ್ತಿ, ಉಳಿದ ಪುಡಿಗೆ ಅಂಟುಟೇಪ್ ಒತ್ತಿ ತೆಗೆದು, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ. ಕೆಟ್ಟ ಸಿಎಫ್‌ಎಲ್ ಅಪಾಯಕಾರಿ ತ್ಯಾಜ್ಯದ ಜೊತೆ ಹೋಗಬೇಕು, ಅಡುಗೆಮನೆಯ ಕಸದ ಬುಟ್ಟಿಗಲ್ಲ.

ಎಲ್‌ಇಡಿಗೆ ಈ ತಾಪತ್ರಯ ಯಾವುದೂ ಇಲ್ಲ. ಹಾಗಾದರೆ 15,000 ಗಂಟೆ ಎಂದು ಬರೆದ ಬಲ್ಬ್ ವರ್ಷದೊಳಗೆ ಏಕೆ ಹೋಗುತ್ತದೆ? ಬಿಸಿಯಿಂದ. ಎಲ್‌ಇಡಿ ಚಿಪ್ ಸುಲಭಕ್ಕೆ ಸಾಯುವುದಿಲ್ಲ, ಬುಡದಲ್ಲಿರುವ ಡ್ರೈವರ್, ಅಂದರೆ ಮನೆಯ ಕರೆಂಟನ್ನು ಚಿಪ್‌ಗೆ ಹೊಂದುವಂತೆ ಮಾಡುವ ಸರ್ಕ್ಯೂಟ್, ಸಾಯುತ್ತದೆ. ಅದರ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬಿಸಿಗೆ ಒಣಗುತ್ತಾ ಹೋಗಿ, ಬೆಳಕು ಮೊದಲು ಮಿನುಗತೊಡಗುತ್ತದೆ, ಆಮೇಲೆ ಆರುತ್ತದೆ. ಅಗ್ಗದ ಬಲ್ಬ್‌ಗಳಲ್ಲಿ ಕಡಿಮೆ ಚಿಪ್‌ಗಳಿಗೆ ಹೆಚ್ಚು ಕರೆಂಟ್ ಹರಿಸಿ ಲ್ಯೂಮೆನ್ ಏರಿಸಿರುತ್ತಾರೆ. ಚಿಪ್‌ಗಳು ಒಂದರ ಹಿಂದೊಂದು ಸರಣಿಯಲ್ಲಿರುವುದರಿಂದ ಒಂದು ಸುಟ್ಟರೂ ಇಡೀ ಬಲ್ಬ್ ಕತ್ತಲು. ಹಳದಿ ಚಿಪ್‌ನ ಮೇಲೆ ಕಪ್ಪು ಚುಕ್ಕೆ ಕಂಡರೆ ಸುಟ್ಟದ್ದು ಅದೇ.

ಆದ್ದರಿಂದ ಪೂರ್ತಿ ಮುಚ್ಚಿದ ಗಾಜಿನ ಗೋಳದೊಳಗೆ ಸಾಮಾನ್ಯ ಎಲ್‌ಇಡಿ ಹಾಕಬೇಡಿ. ಮುಚ್ಚಿದ ಫಿಟ್ಟಿಂಗ್‌ಗೆ ಸೂಕ್ತ ಎಂದು ಬರೆದದ್ದನ್ನೇ ಕೊಳ್ಳಿ, ಅಥವಾ ಅಲ್ಲಿಗೆ ಕಡಿಮೆ ವ್ಯಾಟ್‌ನದನ್ನು ಹಾಕಿ. ಒಂದೇ ಲ್ಯೂಮೆನ್‌ನ ಎರಡು ಬಲ್ಬ್‌ಗಳಲ್ಲಿ ಆರಿಸುವುದಿದ್ದರೆ ಕೈಗೆ ಭಾರವಾದದ್ದು ಸಾಮಾನ್ಯವಾಗಿ ವಾಸಿ, ಅದರಲ್ಲಿ ಬಿಸಿ ಹೊರದಬ್ಬುವ ಅಲ್ಯುಮಿನಿಯಂ ಹೆಚ್ಚಿರುತ್ತದೆ.

ಮಿನುಗು ಕಣ್ಣಿಗೆ ಕಾಣದಿದ್ದರೂ ತಲೆನೋವು ತರಬಲ್ಲದು. ಪರೀಕ್ಷೆ ಸುಲಭ: ಆ ಬೆಳಕಿನಲ್ಲಿ ಪೆನ್ಸಿಲ್ ಹಿಡಿದು ಬೇಗಬೇಗ ಅತ್ತಿತ್ತ ಆಡಿಸಿ. ಮಸುಕಾದ ಪಟ್ಟಿಯಾಗಿ ಕಂಡರೆ ಸರಿ, ಬಿಡಿಬಿಡಿ ಕಡ್ಡಿಗಳಾಗಿ ಕಂಡರೆ ಆ ಬಲ್ಬ್ ಓದುವ ಮೇಜಿಗೆ ಬೇಡ.

ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಂದವಾಗಿ ಹೊಳೆಯುತ್ತಿದ್ದರೆ ದೋಷ ಬಹುಮಟ್ಟಿಗೆ ಬಲ್ಬಿನದಲ್ಲ. ಸ್ವಿಚ್ಚಿನಲ್ಲಿ ಪುಟ್ಟ ಇಂಡಿಕೇಟರ್ ದೀಪವಿರಬಹುದು, ಇಲ್ಲವೇ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿರಬಹುದು. ಎರಡನೆಯದು ಅಪಾಯ: ಸ್ವಿಚ್ ಆರಿದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಎಲೆಕ್ಟ್ರಿಷಿಯನ್‌ನಿಂದ ಸರಿಪಡಿಸಿಕೊಳ್ಳಿ. ಬೆಳಕನ್ನು ಹೆಚ್ಚುಕಡಿಮೆ ಮಾಡುವ ಹಳೆಯ ಡಿಮ್ಮರ್ ಇದ್ದರೆ ಡಿಮ್ ಮಾಡಬಹುದಾದ ಎಲ್‌ಇಡಿಯೇ ಬೇಕು. ಅದೂ ಕೆಲವೊಮ್ಮೆ ಕುಣಿಯುತ್ತದೆ, ಏಕೆಂದರೆ ಆ ಡಿಮ್ಮರ್‌ಗಳಿಗೆ ಎಲ್‌ಇಡಿ ಎಳೆಯುವ ಲೋಡ್ ಸಾಲದು.

ಬಣ್ಣದಲ್ಲಿ ಹ್ಯಾಲೋಜನ್‌ಗೆ ಸಾಟಿಯಿಲ್ಲ, ಅದರ ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ, ಗರಿಷ್ಠ 100) 100ರ ಹತ್ತಿರ. ಸಿಎಫ್‌ಎಲ್ ಮತ್ತು ಸಾಧಾರಣ ಎಲ್‌ಇಡಿ 80ರ ಆಸುಪಾಸು. ಕನ್ನಡಿಯ ಮುಂದೆ, ಬಟ್ಟೆ ಹೊಲಿಯುವಲ್ಲಿ, ಅಡುಗೆ ಕಟ್ಟೆಯ ಮೇಲೆ 90ಕ್ಕಿಂತ ಮೇಲಿನ ಎಲ್‌ಇಡಿ ಹಾಕಿದರೆ ಕೆಂಪು ಕೆಂಪಾಗಿಯೇ ಕಾಣುತ್ತದೆ. ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಿದ್ದಷ್ಟೂ ಹಳದಿ, ಹೆಚ್ಚಿದ್ದಷ್ಟೂ ನೀಲಿ. ಮಲಗುವ ಕೋಣೆಗೆ 2700 ಕೆಲ್ವಿನ್, ಕೆಲಸದ ಜಾಗಕ್ಕೆ 4000 ಒಳ್ಳೆಯದು. 6500ರ ನೀಲಿಬಿಳಿ ಬೆಳಕು ಮನೆಯೊಳಗೆ ರಾತ್ರಿಗೆ ಹಿತವಲ್ಲ.

ಓವನ್ ಒಳಗೆ ಮಾತ್ರ ಎಲ್‌ಇಡಿಯೂ ನಡೆಯದು, ಸಿಎಫ್‌ಎಲ್ಲೂ ನಡೆಯದು. ಆ ಕಾವಿಗೆ ಎರಡರ ಎಲೆಕ್ಟ್ರಾನಿಕ್ಸ್ ಕೂಡ ಕರಗಿಹೋಗುತ್ತದೆ. ಅಲ್ಲಿಗೆ 300 ಡಿಗ್ರಿ ಸೆಲ್ಸಿಯಸ್ ತಾಳುವ ಓವನ್ ಬಲ್ಬ್ ಎಂದೇ ಕೇಳಿ ತನ್ನಿ. ಅದು ಹ್ಯಾಲೋಜನ್ ಆಗಿದ್ದರೆ ಬರಿಗೈಲಿ ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಗಾಜು ಸಿಡಿಯಬಹುದು.