ಬೋರ್ಡ್ ಪುಡಿಯಿಂದ ತಾಮ್ರ, ಚಿನ್ನ: ಮೂರು ಸೂಕ್ಷ್ಮಜೀವಿಗಳು ಮತ್ತು ಜೀವವಿಲ್ಲದ ಒಂದು ಫ್ಲಾಸ್ಕ್

ಮೊದಲೇ ಹೇಳಿಬಿಡುತ್ತೇನೆ. ಸರ್ಕ್ಯೂಟ್ ಬೋರ್ಡ್ ಕಸದಿಂದ ಲೋಹ ಕರಗಿಸಿ ತೆಗೆಯಲು ನಾನು ಹೋಲಿಸಿ ನೋಡಿದ ನಾಲ್ಕು ದಾರಿಗಳಲ್ಲಿ ಮೊದಲ ಸುತ್ತು ಗೆದ್ದಿದ್ದು ಜೀವವೇ ಇಲ್ಲದ ಫ್ಲಾಸ್ಕ್. ಹೀಗೆ ಬರೆಯೋಕೆ ಸ್ವಲ್ಪ ಬೇಜಾರೇ. ಬ್ಯಾಕ್ಟೀರಿಯಾ ಸಾಕೋದಕ್ಕೆ ತಿಂಗಳುಗಟ್ಟಲೆ ಒದ್ದಾಡಿದ್ದೆ, ಅಲ್ವಾ.

ಕಸ ಯಾವುದು ಅಂದರೆ, ಸರ್ಕ್ಯೂಟ್ ಬೋರ್ಡ್ ತಯಾರಿಸುವಾಗ ಕತ್ತರಿಸಿ ಬಿಸಾಡುವ ಅಂಚುಗಳು, ಜೊತೆಗೆ ತಪಾಸಣೆಯಲ್ಲಿ ಫೇಲ್ ಆದ ಬೋರ್ಡ್‌ಗಳು. ಪುಡಿ ಮಾಡಿ, ಜರಡಿ ಹಿಡಿದು ಇಟ್ಟುಕೊಂಡಿದ್ದೆ. ಇಂಥ ಬೋರ್ಡ್‌ಗಳ ತೂಕದಲ್ಲಿ ಸುಮಾರು 20% ತಾಮ್ರ ಇರುತ್ತದೆ. ತವರ, ಸೀಸ, ನಿಕಲ್, ಸತು ಅಷ್ಟಿಷ್ಟು. ಚಿನ್ನ ತೀರಾ ಕಡಿಮೆ, ಆದರೆ ಬೋರ್ಡ್‌ಗೆ ಬೆಲೆ ಬರುವುದರಲ್ಲಿ ಅದರ ಪಾಲು ದೊಡ್ಡದು.

ಕಣಕ್ಕಿಳಿದವರು ಇವರು. ಕಬ್ಬಿಣ ತಿಂದು ಬದುಕುವ ಆಸಿಡಿಥಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್. ಸಕ್ಕರೆ ತಿಂದು ಹುಳಿ ಬಿಡುವ ಕಪ್ಪು ಬೂಷ್ಟು ಆಸ್ಪರ್ಜಿಲಸ್ ನೈಜರ್. ಸೈನೈಡ್ ತಯಾರಿಸುವ ನೇರಳೆ ಬಣ್ಣದ ಕ್ರೋಮೋಬ್ಯಾಕ್ಟೀರಿಯಮ್ ವಯೋಲೇಸಿಯಮ್. ನಾಲ್ಕನೆಯದು ಬರೀ ರಾಸಾಯನಿಕ: ಒಂದು ಫ್ಲಾಸ್ಕ್‌ನಲ್ಲಿ ತೆಳು ಸಲ್ಫ್ಯೂರಿಕ್ ಆಮ್ಲ, ಪಕ್ಕದ ಇನ್ನೊಂದರಲ್ಲಿ ಅದೇ ಆಮ್ಲಕ್ಕೆ ಬೆರೆಸಿದ ಫೆರಿಕ್ ಸಲ್ಫೇಟ್ ಎಂಬ ಕಬ್ಬಿಣದ ಲವಣ. ಜೀವಿಗಳದ್ದೇ ಕೆಲಸವೋ ಅಲ್ಲವೋ ಅಂತ ತಿಳಿಯೋಕೆ ಇವೆರಡನ್ನು ಸುಮ್ನೆ ಸಾಕ್ಷಿಗೆ ಇಟ್ಟಿದ್ದೆ. ಆಮೇಲೆ ನೋಡಿದರೆ ಸಾಕ್ಷಿಯೇ ಸ್ಪರ್ಧೆಗೆ ಇಳಿದಿತ್ತು.

ಕಬ್ಬಿಣದ ಬ್ಯಾಕ್ಟೀರಿಯಾದಿಂದ ಶುರು ಮಾಡೋಣ. ಕಲ್ಲಿದ್ದಲು ಗಣಿಯಿಂದ ಹರಿಯುವ ಹುಳಿ ನೀರಿನಲ್ಲಿ ಇದನ್ನು 1947ರಲ್ಲಿ ಗುರುತಿಸಿದರು. ಇದು ಆಮ್ಲ ಉಗುಳಿ ಲೋಹ ಕರಗಿಸುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ಬೋರ್ಡ್ ಪುಡಿಯಲ್ಲಿ ಅದರ ಕೆಲಸ ಬೇರೆ. ನೀರಿನಲ್ಲಿ ಕರಗಿದ ಕಬ್ಬಿಣಕ್ಕೆ ಫೆರಸ್, ಫೆರಿಕ್ ಅಂತ ಎರಡು ರೂಪ. ಇದು ಫೆರಸ್ ಕಬ್ಬಿಣದಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಅದನ್ನು ಫೆರಿಕ್ ಮಾಡುತ್ತದೆ. ಅದೇ ಅದರ ಹೊಟ್ಟೆಪಾಡು. ಆ ಫೆರಿಕ್ ಹೋಗಿ ತಾಮ್ರವನ್ನು ಕರಗಿಸುತ್ತದೆ, ಕರಗಿಸುತ್ತಾ ತಾನು ಮತ್ತೆ ಫೆರಸ್ ಆಗುತ್ತದೆ. ಬ್ಯಾಕ್ಟೀರಿಯಾ ಪುನಃ ಅದನ್ನು ಫೆರಿಕ್ ಮಾಡುತ್ತದೆ. ಒಂದೇ ಕಬ್ಬಿಣ ಮತ್ತೆ ಮತ್ತೆ ದುಡಿಯುತ್ತದೆ.

ಇದನ್ನು ಬೆಳೆಸಿದ್ದು 9ಕೆ ಎಂಬ ಹಳೆಯ ದ್ರವದಲ್ಲಿ. 1959ರಲ್ಲಿ ಸಿಲ್ವರ್‌ಮನ್ ಮತ್ತು ಲುಂಡ್‌ಗ್ರೆನ್ ಎಂಬ ವಿಜ್ಞಾನಿಗಳು ಕೊಟ್ಟ ಲೆಕ್ಕ ಅದು. ಲೀಟರಿಗೆ 9 ಗ್ರಾಂ ಕಬ್ಬಿಣ, ಅದಕ್ಕೇ ಆ ಹೆಸರು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 2ರ ಆಸುಪಾಸು, 30 ಡಿಗ್ರಿ ಶಾಖ, ಶೇಕರ್ ಮೇಲೆ ಅಲುಗಾಟ. ಮೊದಮೊದಲು ತಿಳಿ ಹಸಿರು ನೀರು. ಮೂರ್ನಾಲ್ಕು ದಿನಕ್ಕೆ ಕೆಂಪು ಕಂದು. ಆ ಬಣ್ಣ ತಿರುಗುವುದನ್ನು ನೋಡೋಕೆ ಒಂಥರಾ ಖುಷಿ.

ಲೀಟರಿಗೆ 10 ಗ್ರಾಂ ಪುಡಿ ಹಾಕಿದೆ. ಒಂದು ವಾರದಲ್ಲಿ ಹೆಚ್ಚುಕಡಿಮೆ ತಾಮ್ರವೆಲ್ಲ ನೀರಿಗಿಳಿಯಿತು. ಕುಣಿದಾಡಿಬಿಟ್ಟೆ. ಆಮೇಲೆ ಫೆರಿಕ್ ಸಲ್ಫೇಟ್ ಫ್ಲಾಸ್ಕ್ ಕಡೆ ತಿರುಗಿ ನೋಡಿದರೆ, ಅಲ್ಲಿ ಎರಡೇ ದಿನಕ್ಕೆ ಎಲ್ಲ ಮುಗಿದಿತ್ತು.

ಕಾಗದದ ಮೇಲೆ ಲೆಕ್ಕ ಹಾಕಿದಾಗ ಗುಟ್ಟು ಗೊತ್ತಾಯಿತು. ಒಂದು ತಾಮ್ರದ ಪರಮಾಣು ಕರಗಲು ಎರಡು ಫೆರಿಕ್ ಬೇಕು. 9 ಗ್ರಾಂ ಕಬ್ಬಿಣ ಒಂದೇ ಸಲ ದುಡಿದರೂ ಸುಮಾರು 5 ಗ್ರಾಂ ತಾಮ್ರ ಕರಗಿಸಬಲ್ಲದು. 10 ಗ್ರಾಂ ಪುಡಿಯಲ್ಲಿ ಇದ್ದದ್ದೇ ಸುಮಾರು 2 ಗ್ರಾಂ ತಾಮ್ರ. ಅಂದರೆ ಚಕ್ರ ಎರಡನೇ ಸುತ್ತು ತಿರುಗುವ ಅಗತ್ಯವೇ ಬಿದ್ದಿರಲಿಲ್ಲ. ಬ್ಯಾಕ್ಟೀರಿಯಾ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಷ್ಟು ಕಡಿಮೆ ಪುಡಿ ಹಾಕಿ "ಸೂಕ್ಷ್ಮಜೀವಿಯಿಂದ ತಾಮ್ರ ಪೂರ್ತಿ ಬಂತು" ಅಂತ ಯಾರಾದರೂ ಹೇಳಿದರೆ, ಪಕ್ಕದಲ್ಲಿ ಬರೀ ಫೆರಿಕ್ ಇಟ್ಟಿದ್ದಿರಾ ಅಂತ ಈಗ ನಾನು ಕೇಳುತ್ತೇನೆ.

ಬರೀ ಆಮ್ಲದ ಫ್ಲಾಸ್ಕ್ ಇನ್ನೊಂದು ಪಾಠ ಕಲಿಸಿತು. ಅದರಲ್ಲಿ ಸತು ಆರಾಮಾಗಿ ಕರಗಿತು, ನಿಕಲ್ ಕೂಡ ಸ್ವಲ್ಪ. ತಾಮ್ರ ಮಾತ್ರ ಜಗ್ಗಲಿಲ್ಲ, ನೀರಿಗೆ ಚೂರು ನೀಲಿ ಬಂತು ಅಷ್ಟೇ. ಸತುವಿಗಾಗಿ ಬ್ಯಾಕ್ಟೀರಿಯಾ ಸಾಕುವುದು ವ್ಯರ್ಥ.

ಎರಡನೇ ಸುತ್ತಿಗೆ ಲೀಟರಿಗೆ 50 ಗ್ರಾಂ ಪುಡಿ. ಈಗ ತಾಮ್ರವೇ 10 ಗ್ರಾಂನಷ್ಟು. ಫೆರಿಕ್ ಫ್ಲಾಸ್ಕ್ ಅರ್ಧ ದಾರಿಯಲ್ಲಿ ನಿಂತಿತು, ಇದ್ದ ಫೆರಿಕ್ ಎಲ್ಲ ಖರ್ಚು. ಬ್ಯಾಕ್ಟೀರಿಯಾಗೆ ಇದೇ ಸದವಕಾಶ ಅಂದುಕೊಂಡೆ. ಅದು ಸತ್ತೇ ಹೋಯಿತು! ಬೋರ್ಡ್ ಪುಡಿ ಸ್ವಲ್ಪ ಕ್ಷಾರ. ಅಷ್ಟೂ ಒಟ್ಟಿಗೆ ಸುರಿದಾಗ ಪಿಎಚ್ ಏರಿತು, ಜಾರೊಸೈಟ್ ಎಂಬ ಹಳದಿ ಕೆಸರು ಕೂತು ಕಬ್ಬಿಣವನ್ನೇ ನುಂಗಿತು. ಅಂಟು, ರಾಳ, ಒಮ್ಮೆಗೇ ಏರಿದ ಲೋಹ, ಇವುಗಳ ಕಾಟ ಬೇರೆ.

ಮೂರನೇ ಸಲ ಬುದ್ಧಿ ಬಂತು. ಮೊದಲು ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯಲು ಬಿಟ್ಟೆ. ನೀರು ಕೆಂಪಾದ ಮೇಲೆ ಪುಡಿಯನ್ನು ಕಂತು ಕಂತಾಗಿ ಹಾಕಿದೆ. ಪ್ರತಿ ಕಂತಿಗೂ ಪಿಎಚ್ ನೋಡಿ, ಹನಿ ಹನಿ ಆಮ್ಲ ಬಿಟ್ಟು 2ರ ಕೆಳಗೆ ತಂದೆ. ಕಂತು ಬಿದ್ದಾಗ ನೀರು ಹಸಿರಾಗುವುದು, ಒಂದೆರಡು ದಿನಕ್ಕೆ ಮತ್ತೆ ಕೆಂಪಾಗುವುದು. ಹೀಗೆ ಮೂರು ವಾರ ನಡೆಯಿತು. ಈ ಸಲ ಫೆರಿಕ್ ಬಾಟಲಿಯ ಕೈಲಿ ಆಗದ ಕೆಲಸವನ್ನು ಬ್ಯಾಕ್ಟೀರಿಯಾ ಮುಗಿಸಿತು. ಸಂಬಳಕ್ಕೆ ತಕ್ಕ ಕೆಲಸ ಅಂದರೆ ಇದು.

ಒಂದು ಮಾತು ಇಲ್ಲಿ ಸೇರಿಸಬೇಕು. ಬೋರ್ಡ್ ಪುಡಿಯಲ್ಲಿ ಈ ಬ್ಯಾಕ್ಟೀರಿಯಾಗೆ ತಿನ್ನಲು ಬೇಕಾದಷ್ಟು ಕಬ್ಬಿಣವೂ ಇಲ್ಲ, ಗಂಧಕವೂ ಇಲ್ಲ. ನಾವೇ ಉಣಿಸಬೇಕು. ಗಣಿ ಕಸದ ಕಥೆ ಬೇರೆ. ಉಗಾಂಡಾದ ಕಿಲೆಂಬೆ ತಾಮ್ರದ ಗಣಿಯಿಂದ ಉಳಿದ ಪೈರೈಟ್ ರಾಶಿಯಿಂದ ಕಸೆಸೆ ಊರಿನಲ್ಲಿ 1999ರಿಂದ ಇಂಥ ಬ್ಯಾಕ್ಟೀರಿಯಾ ಬಳಸಿ ಕೋಬಾಲ್ಟ್ ತೆಗೆದರು. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕವೇ. ಅಲ್ಲಿ ಕಸವೇ ಊಟ, ಊಟವೇ ಆಮ್ಲ. ನಿಮ್ಮ ಕೈಲಿರುವುದು ಇಂಥ ಸಲ್ಫೈಡ್ (ಲೋಹದ ಜೊತೆ ಗಂಧಕ ಕೂಡಿದ) ಕಸವಾದರೆ ಈ ಹೋಲಿಕೆಯೆಲ್ಲ ಬೇಕಿಲ್ಲ, ಕಬ್ಬಿಣದ ಬ್ಯಾಕ್ಟೀರಿಯಾವನ್ನೇ ಹಿಡಿಯಿರಿ.

ಇನ್ನು ಕಪ್ಪು ಬೂಷ್ಟು. ಸಾಕೋದು ಸುಲಭ, ಸಕ್ಕರೆ ಕೊಟ್ಟರೆ ಸಾಕು. ಸಿಟ್ರಿಕ್, ಗ್ಲುಕೋನಿಕ್, ಆಕ್ಸಾಲಿಕ್ ಆಮ್ಲ ಬಿಡುತ್ತದೆ. ಸತು, ನಿಕಲ್ ಚೆನ್ನಾಗಿ ಬಂದವು. ತಾಮ್ರದಲ್ಲಿ ನಿರಾಸೆ. ಕರಗಿದ ಸ್ವಲ್ಪವೂ ಆಕ್ಸಾಲಿಕ್ ಆಮ್ಲದ ಜೊತೆ ಸೇರಿ ತಿಳಿ ನೀಲಿ ಪುಡಿಯಾಗಿ ತಳಕ್ಕೆ ಕೂತಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಜೊತೆಗೆ ಬೂಷ್ಟಿನ ಉಂಡೆಗಳು ಲೋಹವನ್ನು ಮೈಗೇ ಅಂಟಿಸಿಕೊಳ್ಳುತ್ತವೆ. ಸೋಸಲು ಹೋದರೆ ಫಿಲ್ಟರ್ ಕಾಗದ ಕಟ್ಟಿಕೊಂಡು ಅರ್ಧ ದಿನ ಹಾಳು. ಅದರ ಕಪ್ಪು ಬೀಜಕಣಗಳು ಗಾಳಿಗೆ ಹಾರುತ್ತವೆ, ಮಾಸ್ಕ್ ಇಲ್ಲದೆ ಮುಚ್ಚಳ ತೆಗೆಯಬೇಡಿ.

ಹಾಗಂತ ಬೂಷ್ಟನ್ನು ತಳ್ಳಿಹಾಕುವ ಹಾಗಿಲ್ಲ. ಅಲ್ಯೂಮಿನಿಯಂ ಕಾರ್ಖಾನೆಯ ಕೆಂಪು ಕೆಸರಿನ ಪಿಎಚ್ 10ಕ್ಕಿಂತ ಮೇಲಿರುತ್ತದೆ. ಅದನ್ನು 2ಕ್ಕೆ ಇಳಿಸಲು ಸುರಿಯಬೇಕಾದ ಆಮ್ಲದ ಲೆಕ್ಕ ಹಾಕಿದರೆ ಕಬ್ಬಿಣದ ಬ್ಯಾಕ್ಟೀರಿಯಾದ ಆಸೆ ಬಿಡಬೇಕು. ಬೂಷ್ಟಿಗೆ ಅಷ್ಟು ಹುಳಿ ಬೇಕಿಲ್ಲ, ತನಗೆ ಬೇಕಾದಷ್ಟು ತಾನೇ ಮಾಡಿಕೊಳ್ಳುತ್ತದೆ. ಬೋರ್ಡ್‌ಗೆ ಮಾತ್ರ ನಾನು ಇದನ್ನು ಮತ್ತೆ ಬಳಸಲ್ಲ.

ನೇರಳೆ ಬ್ಯಾಕ್ಟೀರಿಯಾ ನೋಡಲು ಚಂದ. ಕೆಲಸ ಮಾತ್ರ ಭಯದ್ದು. ಗ್ಲೈಸಿನ್ ಎಂಬ ಅಮೈನೋ ಆಮ್ಲ ಕೊಟ್ಟರೆ ಸೈನೈಡ್ ಮಾಡುತ್ತದೆ, ಆ ಸೈನೈಡ್ ಚಿನ್ನವನ್ನು ಕರಗಿಸುತ್ತದೆ. ಉಳಿದ ಯಾರ ಕೈಲೂ ಚಿನ್ನ ಅಲುಗಲಿಲ್ಲ, ಇದರ ಕೈಲಿ ಅಲುಗಿತು. ಆದರೆ ಇದು ಬೆಳೆಯುವುದು ಪಿಎಚ್ 7ರ ಸುತ್ತ. ಸೈನೈಡ್ ನೀರಿನಲ್ಲೇ ಉಳಿಯಬೇಕಾದರೆ ಪಿಎಚ್ 9ಕ್ಕಿಂತ ಮೇಲಿರಬೇಕು. 7ರಲ್ಲಿ ಅದು ಬಹುಪಾಲು ವಿಷಾನಿಲ. ಕಹಿ ಬಾದಾಮಿ ವಾಸನೆ ಅನ್ನುತ್ತಾರೆ, ಆದರೆ ಎಷ್ಟೋ ಜನರ ಮೂಗಿಗೆ ಅದು ಗೊತ್ತೇ ಆಗಲ್ಲ. ಮೂಗು ನಂಬುವ ಕೆಲಸ ಇದಲ್ಲ. ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆಳೆಯುವ ಲ್ಯಾಬ್ ಕಪಾಟು), ಬಿಗಿ ಮುಚ್ಚಳ, ಗಾಳಿ ಹೊರಹೋಗುವ ಕಡೆ ಕ್ಷಾರದ ಬಾಟಲಿ, ಇಷ್ಟೂ ಇದ್ದರೆ ಮಾತ್ರ ಕೈ ಹಾಕಿ. ಮನೆಯಲ್ಲಿ, ಕಾಲೇಜಿನ ಮೂಲೆಯಲ್ಲಿ ಖಂಡಿತ ಬೇಡ.

ನನ್ನ ಮೊದಲ ತಪ್ಪು, ತಾಮ್ರ ತೆಗೆಯದ ಪುಡಿಯನ್ನೇ ಇದಕ್ಕೆ ಕೊಟ್ಟಿದ್ದು. ಇದ್ದ ಸೈನೈಡನ್ನೆಲ್ಲ ತಾಮ್ರವೇ ಬಾಚಿಕೊಂಡಿತು. ಚಿನ್ನಕ್ಕೆ ಏನೂ ಉಳಿಯಲಿಲ್ಲ, ಬ್ಯಾಕ್ಟೀರಿಯಾವೂ ತಾಮ್ರದ ವಿಷಕ್ಕೆ ಸೊರಗಿತು. ಆಮೇಲೆ ಕಬ್ಬಿಣದ ಬ್ಯಾಕ್ಟೀರಿಯಾ ತಾಮ್ರ ತೆಗೆದು ಬಿಟ್ಟ ಪುಡಿಯನ್ನು ತೊಳೆದು, ಹುಳಿ ಪೂರ್ತಿ ಹೋದದ್ದನ್ನು ಖಾತ್ರಿ ಮಾಡಿಕೊಂಡು ಕೊಟ್ಟೆ. ಹುಳಿ ಉಳಿದಿದ್ದರೆ ಅನಿಲ ಎದ್ದುಬರುತ್ತದೆ. ಈ ಸಲ ಬ್ಯಾಕ್ಟೀರಿಯಾವನ್ನೇ ಬಿಡಲಿಲ್ಲ. ಅದು ಬೆಳೆದ ನೀರನ್ನು ಸೋಸಿ, ಪಿಎಚ್ ಏರಿಸಿ, ಆ ನೀರನ್ನು ಪುಡಿಯ ಮೇಲೆ ಬಿಟ್ಟೆ. ಚಿನ್ನ ಒಂದಷ್ಟು ಬಂತು. ಪೂರ್ತಿ ಬರಲಿಲ್ಲ. ಬ್ಯಾಕ್ಟೀರಿಯಾ ಸೈನೈಡ್ ಮಾಡುವುದು ಬೆಳವಣಿಗೆಯ ಕೊನೆಗೆ, ಸ್ವಲ್ಪ ಹೊತ್ತು ಮಾತ್ರ. ಆಮೇಲೆ ತಾನೇ ಅದನ್ನು ಒಡೆದು ಹಾಕುತ್ತದೆ. ಒಂದು ದಿನ ತಡವಾಗಿ ಸೋಸಿದರೆ ಬರೀ ನೇರಳೆ ನೀರು ಸಿಗುತ್ತದೆ.

ಕರಗಿದ್ದೆಲ್ಲ ಕೈಗೆ ಬಂದ ಹಾಗಲ್ಲ, ಇದನ್ನು ಹೋಲಿಕೆಯಲ್ಲಿ ತುಂಬ ಜನ ಮರೆಯುತ್ತಾರೆ. ಕಬ್ಬಿಣದ ಬ್ಯಾಕ್ಟೀರಿಯಾದ ನೀರಿನಲ್ಲಿ ಇದು ಸಲೀಸು. ಕಬ್ಬಿಣದ ಮೊಳೆ ಅದ್ದಿದರೆ ಮೈಮೇಲೆ ತಾಮ್ರ ಕೂರುತ್ತದೆ, ಕರಗಿದ ಮೊಳೆಯ ಕಬ್ಬಿಣ ಬ್ಯಾಕ್ಟೀರಿಯಾಗೆ ಮರಳಿ ಊಟ. ಚಿನ್ನದ ನೀರಿಗೆ ಸಕ್ರಿಯ ಇದ್ದಿಲು ಸಾಕು, ಹೀರಿಕೊಳ್ಳುತ್ತದೆ. ಬೂಷ್ಟಿನ ನೀರಿನಲ್ಲಿ ಸಿಟ್ರಿಕ್ ಆಮ್ಲ ಲೋಹವನ್ನು ಅಪ್ಪಿಕೊಂಡು ಕೂತಿರುತ್ತದೆ, ಬಿಡಿಸೋದು ತಲೆನೋವು.

ಹಾಗಾಗಿ ಈಗ ನನ್ನ ಶೇಕರ್ ಮೇಲೆ ಇರುವುದು ಕಬ್ಬಿಣದ ಬ್ಯಾಕ್ಟೀರಿಯಾ ಮಾತ್ರ, ಪಕ್ಕದಲ್ಲಿ ಫೆರಿಕ್ ಸಲ್ಫೇಟ್ ಫ್ಲಾಸ್ಕ್ ಕಡ್ಡಾಯ. ನೇರಳೆಯದನ್ನು ಹೊರಗೆ ತೆಗೆದಿಲ್ಲ, ಫ್ರೀಜರಿನಲ್ಲೇ ಇದೆ. ಸೀಸದ ಲೆಕ್ಕ ಇನ್ನೂ ಬಾಕಿ. ಸಲ್ಫೇಟ್ ನೀರಿನಲ್ಲಿ ಅದು ಕರಗದೆ ಬಿಳಿ ಲೆಡ್ ಸಲ್ಫೇಟ್ ಆಗಿ ಕೆಸರಿನಲ್ಲೇ ಕೂರುತ್ತದೆ. ಆ ಕೆಸರಿನ ಡಬ್ಬಿಗಳು ಹೆಸರು, ತಾರೀಕು ಬರೆಸಿಕೊಂಡು ಬೀರುವಿನಲ್ಲಿ ಸಾಲಾಗಿ ನಿಂತಿವೆ.